ರಾಜ್‌ದೂತ್ 350 (ಆರ್‌ಡಿ): ಓಡಿಸೋಕೆ ನಿಜಕ್ಕೂ ಹೇಗಿರುತ್ತೆ, ಕೊಳ್ಳೋ ಮುಂಚೆ ಏನು ನೋಡಬೇಕು?

ಹೊಸ_ಕ್ಲಚ್
ಎಲ್ಲರಿಗೂ ನಮಸ್ಕಾರ. ರಾಜ್‌ದೂತ್ 350 ಒಂದು ಮಾರಾಟಕ್ಕಿದೆ. ಲೋ ಟಾರ್ಕ್ ಅಂತಾರೆ. ಪೇಂಟ್ ಹೊಸದು, ಸೈಲೆನ್ಸರ್ ಕಂಪನಿಯದಲ್ಲ, ಆರ್‌ಪಿಎಂ ಮೀಟರ್ ಓಡ್ತಿಲ್ಲ. ಕೇಳಿದವರೆಲ್ಲ ‘ಬೆಂಕಿ ಗಾಡಿ’ ಅಂತಾರೆ, ಅದಕ್ಕಿಂತ ಮುಂದೆ ಯಾರೂ ಹೇಳಲ್ಲ. ಈಗಿನ ಫೋರ್‌ಸ್ಟ್ರೋಕ್ ಓಡಿಸಿ ಅಭ್ಯಾಸ ಇರೋವರಿಗೆ ಇದರ ಗುಣ ಹೇಗನಿಸುತ್ತೆ? ಕೈಕೊಡೋ ಭಾಗ ಯಾವುದು? ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ರೀಡ್_ವಾಲ್ವ್
ಮೊದಲು ಇದು ಏನು ಅನ್ನೋದು ಗೊತ್ತಿರಲಿ, ಉಳಿದದ್ದೆಲ್ಲ ಅದರಿಂದಲೇ ಅರ್ಥ ಆಗುತ್ತೆ.

ಯಮಹಾದ ಆರ್5 ಅನ್ನೋ 350 ಇತ್ತು. ಪಿಸ್ಟನ್ ಪೋರ್ಟ್ ಎಂಜಿನ್ (ಮಿಶ್ರಣ ಒಳಗೆ ಬರೋ ದಾರಿಯನ್ನ ಪಿಸ್ಟನ್ನೇ ತೆರೆದು ಮುಚ್ಚುತ್ತೆ), ಐದು ಗೇರ್. ಅದಕ್ಕೆ 1973ರಲ್ಲಿ ರೀಡ್ ವಾಲ್ವ್ (ಒಂದೇ ಕಡೆಗೆ ತೆರೆಯೋ ತೆಳು ಪಟ್ಟಿಯ ಕವಾಟ) ಹಾಕಿ, ಆರನೇ ಗೇರ್ ಕೊಟ್ಟು ಆರ್‌ಡಿ 350 ಮಾಡಿದರು. 347 ಸಿಸಿ, ಎರಡು ಸಿಲಿಂಡರ್ ಅಕ್ಕಪಕ್ಕ, ಗಾಳಿಯಿಂದ ತಣಿಯುವ ಟೂಸ್ಟ್ರೋಕ್. ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ. ಯಮಹಾದ ಟಿಝಡ್350 ರೇಸ್ ಗಾಡಿಗೂ ಇದೇ ಬೋರ್, ಇದೇ ಸ್ಟ್ರೋಕ್. ಜಪಾನಿನಿಂದ ಹೊರಟ ಮೂಲ ಗಾಡಿಗೆ 7500 ಆರ್‌ಪಿಎಂನಲ್ಲಿ 39 ಅಶ್ವಶಕ್ತಿ.

ಎಸ್ಕಾರ್ಟ್ಸ್‌ನವರು 1983ರಲ್ಲಿ ಇದರ ಆರ್‌ಡಿ 350ಬಿ ಅನ್ನು ಇಲ್ಲಿ ರಾಜ್‌ದೂತ್ 350 ಅಂತ ಬಿಟ್ಟರು. ಅಷ್ಟೊತ್ತಿಗೆ ಯಮಹಾ ನೀರಿನಿಂದ ತಣಿಯುವ ಆರ್‌ಡಿ350ಎಲ್‌ಸಿ ಮಾರುತ್ತಿತ್ತು, ಅಂದರೆ ನಮಗೆ ಬಂದಾಗಲೇ ಇದು ಒಂದು ತಲೆಮಾರು ಹಳೆಯದು. ನಮ್ಮ ಪೆಟ್ರೋಲ್‌ಗೂ ಮೈಲೇಜ್‌ಗೂ ತಕ್ಕಂತೆ ಶಕ್ತಿ ಇಳಿಸಿದರು. ಮೊದಲು ಬಂದ ಹೈ ಟಾರ್ಕ್‌ಗೆ 6750 ಆರ್‌ಪಿಎಂನಲ್ಲಿ 30.5 ಬಿಎಚ್‌ಪಿ; ಆಮೇಲಿನ ಲೋ ಟಾರ್ಕ್‌ಗೆ 6500ರಲ್ಲಿ 27. ಮುಂದಿನ ಡಿಸ್ಕ್ ತೆಗೆದು ಡ್ರಮ್ ಕೊಟ್ಟರು. ಬ್ರೇಕ್ ಬಗ್ಗೆ ಕೆಳಗೆ ಖಂಡಿತ ಜಗಳ ಆಗುತ್ತೆ, ಅದಕ್ಕೆ ನಾನು ಈಗ ಬಾಯಿ ಹಾಕಲ್ಲ.

ರೀಡ್ ವಾಲ್ವ್ ಮಾಡೋ ಕೆಲಸ ಇಷ್ಟು. ಪಿಸ್ಟನ್ ಪೋರ್ಟ್ ಎಂಜಿನ್‌ನಲ್ಲಿ ಕೆಳ ಆರ್‌ಪಿಎಂಗೆ ಕ್ರ್ಯಾಂಕ್‌ಕೇಸ್‌ಗೆ ಹೋದ ಮಿಶ್ರಣ ವಾಪಸ್ ಕಾರ್ಬೊರೇಟರ್ ಕಡೆ ಉಗುಳುತ್ತೆ. ರೀಡ್ ಇದ್ದರೆ ಒಳಗೆ ಹೋದದ್ದು ಹೊರಗೆ ಬರಲ್ಲ. ಅದರಿಂದ ಇನ್‌ಟೇಕ್ ಹೆಚ್ಚು ಹೊತ್ತು ತೆರೆದಿಡಬಹುದು, ಏಳನೇ ಪೋರ್ಟ್ ಒಂದನ್ನೂ ಕೊಡಬಹುದು. ಇಷ್ಟು ಚಿಕ್ಕ, ಜೋರಾದ ಟೂಸ್ಟ್ರೋಕ್ ಆಗಿದ್ದರೂ 2500 ಆರ್‌ಪಿಎಂನಲ್ಲಿ ತರಕಾರಿ ತರೋಕೆ ಹೋಗಿ ಬರಬಹುದು ಅಂದರೆ ಕಾರಣ ಅದೇ.

ಘಟ್ಟದ_ಗಾಡಿ
ಓಡಿಸೋ ಅನುಭವ ಕೇಳಿದ್ದೀರಿ, ಅದನ್ನ ನಾನು ಹೇಳ್ತೀನಿ.

ನಾಲ್ಕು ಸಾವಿರದ ಕೆಳಗೆ ಗಾಡಿ ಸಾಧು. ಐಡ್ಲಿಂಗ್‌ನಲ್ಲಿ ಒಂದಿಷ್ಟು ತಡವರಿಸುತ್ತೆ, ಅದು ರೋಗ ಅಲ್ಲ. ಥ್ರಾಟಲ್ ಮುಚ್ಚಿದಾಗ ಸುಟ್ಟ ಹೊಗೆ ಪೂರ್ತಿ ಹೊರಗೆ ಹೋಗಲ್ಲ, ಎಲ್ಲ ಸುತ್ತಿಗೂ ಕಿಡಿ ಹತ್ತಲ್ಲ. ನಾಲ್ಕೂವರೆ, ಐದು ಸಾವಿರ ದಾಟಿದ ಮೇಲೆ ಸ್ವರ ಬದಲಾಗುತ್ತೆ, ಎಳೆತ ಒಮ್ಮೆಲೇ ಏರುತ್ತೆ. ಸುಮಾರು 150 ಕೆ.ಜಿ. ತೂಕ, ವೀಲ್‌ಬೇಸ್ ಬರೀ 1320 ಮಿ.ಮೀ. ಆಸುಪಾಸು. ಒಂದನೇ, ಎರಡನೇ ಗೇರಲ್ಲಿ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಹಗುರಾಗುತ್ತೆ. ‘ವಿಧವೆ ಮಾಡೋ ಗಾಡಿ’ ಅಂತ ಹೆಸರು ಬಂದದ್ದಕ್ಕೆ ಅರ್ಧ ಕಾರಣ ಇದು. ಇನ್ನರ್ಧ ಬ್ರೇಕು ಮತ್ತು ಆ ಕಾಲದ ಸವಾರರು. ಅದಕ್ಕೂ ಮುಂಚೆ ಅವರು ಓಡಿಸಿದ್ದು ರಾಜ್‌ದೂತ್ 175, ಬುಲೆಟ್, ಯೆಜ್ಡಿ.

ಕ್ರ್ಯಾಂಕ್ 180 ಡಿಗ್ರಿ. ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗೆ. ಸಿಂಗಲ್ ಸಿಲಿಂಡರ್ ಗಾಡಿಗಳ ಹಾಗೆ ಗುದ್ದಲ್ಲ, ಆದರೆ ಸಣ್ಣ ಕಂಪನ ಹ್ಯಾಂಡಲ್‌ಗೂ ಫುಟ್‌ರೆಸ್ಟ್‌ಗೂ ಬರುತ್ತೆ, ಕನ್ನಡಿ ಮಂಜಾಗುತ್ತೆ. ಗೇರ್ ಎಡಗಾಲಲ್ಲಿ, ಒಂದು ಕೆಳಗೆ ಐದು ಮೇಲೆ. ಕಿಕ್ ಪ್ರೈಮರಿ ಮೂಲಕ ಹೋಗೋದರಿಂದ ಗೇರ್‌ನಲ್ಲಿದ್ದರೂ ಕ್ಲಚ್ ಹಿಡಿದು ಸ್ಟಾರ್ಟ್ ಮಾಡಬಹುದು. ಸಿಗ್ನಲ್‌ನಲ್ಲಿ ಆಫ್ ಆದರೆ ಇದರ ಬೆಲೆ ಗೊತ್ತಾಗುತ್ತೆ.

ಫೋರ್‌ಸ್ಟ್ರೋಕ್‌ನಿಂದ ಬಂದವರು ಮೊದಲು ಎಡವೋದು ಎಂಜಿನ್ ಬ್ರೇಕಿಂಗ್‌ನಲ್ಲಿ. ಥ್ರಾಟಲ್ ಬಿಟ್ಟರೆ ಗಾಡಿ ನಿಧಾನ ಆಗುತ್ತೆ ಅಂತ ಕೈ ಅಭ್ಯಾಸ ಆಗಿರುತ್ತೆ. ಇಲ್ಲಿ ಬಿಟ್ಟರೂ ಅದೇ ವೇಗದಲ್ಲಿ ಹೋಗ್ತಾ ಇರುತ್ತೆ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ಗೇರ್ ಇಳಿಸಿ, ಐದು ಸಾವಿರದಲ್ಲಿ ಎಂಜಿನ್ ಇಟ್ಟುಕೊಂಡು ಒಳಗೆ ಹೋಗಬೇಕು. ತಿರುವಿನ ಮಧ್ಯೆ ಪವರ್‌ಬ್ಯಾಂಡ್ (ಎಳೆತ ಒಮ್ಮೆಲೇ ಏರೋ ಆರ್‌ಪಿಎಂ) ಶುರುವಾದರೆ ಹಿಂದಿನ ಟೈರ್ ಏನು ಮಾಡುತ್ತೆ ಅನ್ನೋದು ಟೈರಿನ ವಯಸ್ಸಿನ ಮೇಲೆ. ಮುಂದೆ 3.00-18, ಹಿಂದೆ 3.50-18. ಹಿಂದೆ ಅಗಲದ ಟೈರ್ ಹಾಕಿದರೆ ನೋಡೋಕೆ ಚೆನ್ನ, ವಾಲಿಸೋಕೆ ಭಾರ.

ಘಟ್ಟ ಇಳಿಯುವಾಗ ಇನ್ನೊಂದು. ಎಂಜಿನ್‌ಗೆ ತಾನಾಗಿ ಆಯಿಲ್ ಹಾಕೋ ಆಟೋಲ್ಯೂಬ್ ಪಂಪ್ ಎಷ್ಟು ಕೊಡುತ್ತೆ ಅನ್ನೋದು ಆರ್‌ಪಿಎಂ ಮತ್ತು ಥ್ರಾಟಲ್ ಎರಡನ್ನೂ ನೋಡಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಥ್ರಾಟಲ್ ಪೂರ್ತಿ ಮುಚ್ಚಿ, ಮೂರನೇ ಗೇರಲ್ಲಿ ಜೋರಾಗಿ ಇಳಿದರೆ ಎಂಜಿನ್ ವೇಗವಾಗಿ ತಿರುಗ್ತಾ ಇರುತ್ತೆ, ಆಯಿಲ್ ಮಾತ್ರ ಕನಿಷ್ಠ ಪ್ರಮಾಣದಲ್ಲಿ ಹೋಗುತ್ತೆ, ಪೆಟ್ರೋಲೂ ಅಷ್ಟೇ. ಆಗಾಗ ಥ್ರಾಟಲ್ ಒಂದು ಚೂರು ಕೊಟ್ಟು ಬಿಡಿ. ಬೆರಳು ಸದಾ ಕ್ಲಚ್ ಮೇಲಿರಲಿ. ಎಂಜಿನ್ ಸ್ವರ ಏಕಾಏಕಿ ಕುಗ್ಗಿ ಹಿಡಿದ ಹಾಗೆ ಆದರೆ ಯೋಚನೆ ಮಾಡದೆ ಕ್ಲಚ್ ಒತ್ತಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತೆ.

ಹುಬ್ಳಿ_ಗ್ಯಾರೇಜ್
ಪೇಂಟ್ ನೋಡಿ ಮರುಳಾಗಬ್ಯಾಡ್ರಿ. ಆರ್‌ಡಿ ತಗೊಳ್ಳೋದು ಅಂದ್ರ ಕ್ರ್ಯಾಂಕ್ ತಗೊಳ್ಳೋದು. ಬಾಕಿ ಎಲ್ಲಾ ಬೋಲ್ಟ್ ಬಿಚ್ಚಿ ಹಾಕೋದು ಐತಿ.

ನೋಡಾಕ ಹೋದಾಗ ಎಂಜಿನ್ ತಣ್ಣಗಿರಬೇಕು ಅಂತ ಮೊದಲ ಹೇಳ್ರಿ. ಬಿಸಿ ಮಾಡಿ ಇಟ್ಟಿದ್ರ ಅಲ್ಲೇ ಅನುಮಾನ. ಎಡಗಡೆ ಕವರ್ ಬಿಚ್ಚಿಸ್ರಿ, ಆಲ್ಟರ್ನೇಟರ್ ರೋಟರ್ ಕಾಣ್ತೈತಿ. ಅದನ್ನ ಕೈಯಾಗ ಹಿಡಿದು ಮ್ಯಾಲೆ-ಕೆಳಗ ಅಲುಗಿಸ್ರಿ. ಕಟಕಟ ಅಂತ ಆಟ ಸಿಕ್ಕರ ಮೇನ್ ಬೇರಿಂಗ್ ಹೋಗೈತಿ. ಆಮ್ಯಾಲೆ ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸೋ ಸ್ವಿಚ್) ಗ್ಯಾಪ್ ಎಷ್ಟು ಸೆಟ್ ಮಾಡಿದರೂ ನಿಲ್ಲೋದಿಲ್ಲ, ಯಾಕಂದ್ರ ಶಾಫ್ಟೇ ಕುಣೀತಿರ್ತೈತಿ.

ಈಗ ಸೀಲ್. ಎಡಗಡೆ ಸೀಲ್ ಆಲ್ಟರ್ನೇಟರ್ ಕಡೆ, ಒಣ ಜಾಗ. ಅದು ಹೋದ್ರ ಹೊರಗಿನ ಗಾಳಿ ಎಳೀತೈತಿ, ಎಡ ಸಿಲಿಂಡರ್ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ) ಆಗ್ತೈತಿ, ಪಿಸ್ಟನ್ ಹಿಡೀತೈತಿ. ಗುರುತು: ಥ್ರಾಟಲ್ ಕೊಟ್ಟು ಬಿಟ್ಟರ ಆರ್‌ಪಿಎಂ ಲಗೂನ ಕೆಳಗ ಇಳಿಯಂಗಿಲ್ಲ, ಮ್ಯಾಲೇ ತೂಗ್ತೈತಿ. ಬಲಗಡೆ ಸೀಲ್ ಕ್ಲಚ್ ಕಡೆ. ಅದು ಹೋದ್ರ ಗೇರ್ ಆಯಿಲ್ ಎಂಜಿನ್ ಒಳಗ ಎಳಕೊಂತೈತಿ. ಬಲಗಡೆ ಸೈಲೆನ್ಸರ್‌ನಾಗ ಬಿಳಿ ಹೊಗಿ ನಿಲ್ಲಂಗಿಲ್ಲ, ಗೇರ್ ಆಯಿಲ್ ಮಟ್ಟ ತಾನಾಗಿ ಕಡಿಮಿ ಆಗ್ತೈತಿ, ವಾಸನಿನೂ ಬ್ಯಾರೆ. ಮುಂಜಾನೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ನಿಮಿಷ ಹೊಗಿ ಬಂದ್ರ ಹೆದರಬ್ಯಾಡ್ರಿ, ಅದು ಸೈಲೆನ್ಸರ್‌ನಾಗಿನ ಹಳೆ ಆಯಿಲ್.

ಕಂಪ್ರೆಷನ್ ಗೇಜ್ ಇದ್ರ ಥ್ರಾಟಲ್ ಪೂರ್ತಿ ತೆಗೆದು ಕಿಕ್ ಹೊಡೀರಿ. ಎಷ್ಟು ಬಂತು ಅನ್ನೋದಕ್ಕಿಂತ ಎರಡೂ ಕಡೆ ಒಂದ ಬಂತೇನು ಅನ್ನೋದು ಮುಖ್ಯ. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರ ಬೋರ್ ಕೆಲಸ ಐತಿ ಅಂತ ರೇಟ್ ಕಡಿಮಿ ಮಾಡಿಸ್ರಿ.

ಹೊಸ_ಕ್ಲಚ್
ಗ್ಯಾರೇಜ್ ಅಣ್ಣಾ, ಎಂಜಿನ್ ಓಡ್ತಿರುವಾಗ ಸೀಲ್ ಹತ್ತಿರ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ನೋಡಬಹುದು ಅಂತಾರಲ್ಲ? ಮತ್ತೆ ಬೋರ್ ಆಗಿದೆಯಾ (ಸಿಲಿಂಡರ್ ಕೊರೆದು ದೊಡ್ಡದು ಮಾಡಿದ್ದಾರಾ) ಅಂತ ಹೊರಗಿಂದ ತಿಳಿಯುತ್ತಾ?

ಹುಬ್ಳಿ_ಗ್ಯಾರೇಜ್
ಎಡಗಡೆ ಕವರ್ ಒಳಗ ಪಾಯಿಂಟ್ ಕಿಡಿ ಹಾರಿಸ್ತಿರ್ತೈತಿ. ಅಲ್ಲಿಗೆ ಸ್ಪ್ರೇ ಹೊಡದ್ರ ಬೆಂಕಿ ಹತ್ತತೈತಿ. ಮಾಡಬ್ಯಾಡ್ರಿ. ಸರಿಯಾದ ದಾರಿ ಪ್ರೆಷರ್ ಟೆಸ್ಟ್. ಎರಡೂ ಇನ್‌ಟೇಕ್, ಎರಡೂ ಎಕ್ಸಾಸ್ಟ್ ಪೋರ್ಟ್ ರಬ್ಬರ್‌ನಿಂದ ಬಂದ್ ಮಾಡಿ, 5-6 ಪಿಎಸ್ಐ ಗಾಳಿ ತುಂಬಿ ಬಿಡ್ರಿ. ನಿಮಿಷಕ್ಕ 1 ಪಿಎಸ್ಐಗಿಂತ ಹೆಚ್ಚು ಇಳಿದ್ರ ಸೋಪ್ ನೀರು ಹಚ್ಚಿ ಗುಳ್ಳಿ ಎಲ್ಲಿ ಬರ್ತಾವು ನೋಡ್ರಿ. ಒಂದ ಸಿಲಿಂಡರ್ ಬಂದ್ ಮಾಡಿ ಟೆಸ್ಟ್ ಮಾಡಾಕ ಬರಂಗಿಲ್ಲ. ನಡುವ ಇರೋದು ರಬ್ಬರ್ ಸೀಲ್ ಅಲ್ಲ, ಲ್ಯಾಬಿರಿಂತ್ (ಶಾಫ್ಟಿಗೆ ತಾಗದ, ಬರೀ ಗೀರುಗಳ ಸೀಲ್). ಈ ಕಡೆ ಗಾಳಿ ಆ ಕಡೆ ಸೋರೇ ಸೋರ್ತೈತಿ. ಇದು ಗೊತ್ತಿಲ್ದ ಎಷ್ಟೋ ಮಂದಿ ಚಲೋ ಕ್ರ್ಯಾಂಕ್ ಬಿಚ್ಚಿಸ್ತಾರ.

ಬೋರ್ ಹೊರಗಿಂದ ತಿಳಿಯಂಗಿಲ್ಲ. ಹೆಡ್ ಬಿಚ್ಚಿದ್ರ ಪಿಸ್ಟನ್ ಮ್ಯಾಲೆ ಸೈಜ್ ಹೊಡೆದಿರ್ತೈತಿ. 64ರ ಮ್ಯಾಲೆ 0.25, 0.50, 0.75, 1.00 ಹಿಂಗ ಓವರ್‌ಸೈಜ್. 1.00 ಇದ್ರ ಮುಂದಿನ ಸಲ ಸ್ಲೀವ್ ಹಾಕಿಸಬೇಕು, ಆ ಲೆಕ್ಕ ಈಗಲೇ ಹಿಡೀರಿ.

ರೀಡ್_ವಾಲ್ವ್
ಬೋರ್ ಮಾಡಿಸಿದ ಮೇಲೆ ಬಹಳ ಕಡೆ ಬಿಟ್ಟುಹೋಗೋ ಕೆಲಸ ಪೋರ್ಟ್‌ಗಳ ಅಂಚು ಸವರಿ ಮೊಂಡು ಮಾಡೋದು, ಅಂದರೆ ಚೇಂಫರ್. ಹೊಸ ಬೋರ್‌ನ ಪೋರ್ಟ್ ಅಂಚು ಬ್ಲೇಡಿನ ಹಾಗಿರುತ್ತೆ. ರಿಂಗ್ ಪ್ರತಿ ಸುತ್ತಿಗೂ ಸ್ವಲ್ಪ ಉಬ್ಬಿ ಪೋರ್ಟ್ ದಾಟುವಾಗ ಅಂಚಿಗೆ ಸಿಕ್ಕರೆ ತುಂಡಾಗುತ್ತೆ, ಆ ತುಂಡು ಹೆಡ್‌ವರೆಗೂ ಹೋಗಿ ಎಲ್ಲ ಜಜ್ಜುತ್ತೆ. ಬೋರ್ ಮಾಡಿಸಿ ತಂದ ಬ್ಲಾಕ್‌ನಲ್ಲಿ ಪೋರ್ಟ್ ಅಂಚಿಗೆ ಬೆರಳು ಆಡಿಸಿ. ಕೊಯ್ದರೆ ವಾಪಸ್ ಕೊಡಿ.

ಜೋಡಿಸುವಾಗ: ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ, ಅಂದರೆ ಮುಂದಕ್ಕೆ. ರಿಂಗ್ ತುದಿಗಳು ಗ್ರೂವ್‌ನಲ್ಲಿರುವ ಪಿನ್‌ಗೆ ಸರಿಯಾಗಿ ಕೂರಬೇಕು. ಗಜನ್‌ಪಿನ್ ಲಾಕ್ ಪ್ರತಿ ಸಲ ಹೊಸದು, ಹಳೆಯದನ್ನ ಒತ್ತಿ ಹಾಕಬಾರದು. ಪಿಸ್ಟನ್ ಕ್ಲಿಯರೆನ್ಸ್ 0.04-0.05 ಮಿ.ಮೀ. ಹತ್ತಿರ, ಬೇರೆ ಕಂಪನಿ ಪಿಸ್ಟನ್ ಆದರೆ ಅದರ ಡಬ್ಬಿ ಮೇಲೆ ಬರೆದದ್ದೇ ಲೆಕ್ಕ. ಹೆಡ್ ನಟ್ ಅಡ್ಡಡ್ಡ ಕ್ರಮದಲ್ಲಿ, ಎರಡು ಸುತ್ತಿನಲ್ಲಿ, ಸುಮಾರು 2.2 ಕೆಜಿ-ಮೀಟರ್‌ಗೆ.

ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಆಟೋಲ್ಯೂಬ್ ಪಂಪಿನ ಗಾಳಿ ತೆಗೆಯಬೇಕು. ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಆಯಿಲ್ ಬರುವ ತನಕ ಬಿಟ್ಟು ಬಿಗಿ ಮಾಡಿ. ಪಂಪಿನಿಂದ ಎರಡು ಸಿಲಿಂಡರ್‌ಗೆ ಹೋಗೋ ಸಣ್ಣ ಪೈಪ್‌ಗಳಲ್ಲೂ ಗಾಳಿ ಇರುತ್ತೆ, ಅದಕ್ಕೇ ಮೊದಲ ಟ್ಯಾಂಕ್ ಪೆಟ್ರೋಲ್‌ಗೆ ಲೀಟರ್‌ಗೆ 30 ಮಿ.ಲೀ. 2ಟಿ ಆಯಿಲ್ ಬೆರೆಸಿಬಿಡಿ. ಹೊಗೆ ಬರುತ್ತೆ, ಬರಲಿ. ಜೆಎಎಸ್‌ಒ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಆಯಿಲ್ ಸಾಕು. ಪಂಪ್ ಕೇಬಲ್ ಥ್ರಾಟಲ್ ಕೇಬಲ್ ಜೊತೆಗೇ ಎಳೆಯುತ್ತೆ. ಥ್ರಾಟಲ್ ಕೇಬಲ್ ಬದಲಿಸಿ ಪಂಪ್ ಗುರುತು ಹೊಂದಿಸದೆ ಬಿಟ್ಟರೆ ಒಂದೋ ಪ್ಲಗ್ ಎಣ್ಣೆ ಹಿಡಿಯುತ್ತೆ, ಇಲ್ಲ ಪಿಸ್ಟನ್ ಒಣಗುತ್ತೆ.

ಫಿನ್ ಬಿಸಿ ಆಗುವ ತನಕ ಓಡಿಸಿ, ಪೂರ್ತಿ ತಣಿಯೋಕೆ ಬಿಡಿ. ಮೂರು ಸಲ ಹೀಗೆ. ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ನೋಡಿ. ಮೊದಲ 500 ಕಿ.ಮೀ. ಒಂದೇ ಥ್ರಾಟಲ್‌ನಲ್ಲಿ ಹೈವೇ ಎಳೀಬೇಡಿ.

ಪಾಯಿಂಟ್_ಗ್ಯಾಪ್
ಹತ್ತರಲ್ಲಿ ಏಳು ಆರ್‌ಡಿ ‘ಎಳೆಯಲ್ಲ’ ಅನ್ನೋ ದೂರು ಇಗ್ನಿಷನ್‌ನದು ಅಂತ ನನ್ನ ಅಂದಾಜು, ಆದರೂ ಎಲ್ಲರ ಕೈ ಮೊದಲು ಕಾರ್ಬೊರೇಟರ್‌ಗೇ ಹೋಗುತ್ತೆ.

ಇದು 12 ವೋಲ್ಟ್, ಬ್ಯಾಟರಿ-ಕಾಯಿಲ್ ಇಗ್ನಿಷನ್. ಎರಡು ಪಾಯಿಂಟ್, ಎರಡು ಕಂಡೆನ್ಸರ್, ಎರಡು ಕಾಯಿಲ್. ಬ್ಯಾಟರಿ ಸತ್ತರೆ ಕಿಡಿಯೂ ಸತ್ತಂತೆ. ತಳ್ಳಿ ಸ್ಟಾರ್ಟ್ ಮಾಡೋ ಧೈರ್ಯ ನಂಬಿಕೊಂಡು ದೂರ ಹೋಗಬೇಡಿ. ಆಲ್ಟರ್ನೇಟರ್‌ನ ರೋಟರ್‌ಗೆ ಕರೆಂಟ್ ಕೊಡೋದು ಕಾರ್ಬನ್ ಬ್ರಷ್. ಬ್ರಷ್ ಸವೆದರೆ ಚಾರ್ಜಿಂಗ್ ನಿಲ್ಲುತ್ತೆ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಹಾಕಿದರೆ ಹೇಗೂ ಬ್ಯಾಟರಿಯಿಂದಲೇ ತಿನ್ನುತ್ತೆ. ಎಂಜಿನ್ ಮೂರು ಸಾವಿರದಲ್ಲಿದ್ದಾಗ ಬ್ಯಾಟರಿ ತುದಿಯಲ್ಲಿ 14 ವೋಲ್ಟ್ ಹತ್ತಿರ ಇಲ್ಲದಿದ್ದರೆ ಮೊದಲು ಬ್ರಷ್, ಆಮೇಲೆ ರೆಗ್ಯುಲೇಟರ್ ನೋಡಿ.

ಟೈಮಿಂಗ್ ಕಣ್ಣಳತೆಯಲ್ಲಿ ಆಗಲ್ಲ, ಡಯಲ್ ಗೇಜ್ ಬೇಕೇ ಬೇಕು. ಕ್ರಮ ಹೀಗೆ. ಮೊದಲು ಪಾಯಿಂಟ್ ಮುಖ ಸವರಿ, ಗ್ಯಾಪ್ 0.35 ಮಿ.ಮೀ. ಮಾಡಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತೆ, ಹಾಗಾಗಿ ಗ್ಯಾಪ್ ಯಾವತ್ತೂ ಮೊದಲು. ಪ್ಲಗ್ ತೂತಿಗೆ ಗೇಜ್ ಕೂರಿಸಿ, ಪಿಸ್ಟನ್ ತೀರ ಮೇಲೆ ಬಂದಾಗ ಸೊನ್ನೆ ಮಾಡಿ. ಈಗ ಕ್ರ್ಯಾಂಕ್ ಹಿಂದಕ್ಕೆ ತಿರುಗಿಸಿ 3 ಮಿ.ಮೀ. ದಾಟಿಸಿ, ಮತ್ತೆ ಎಂಜಿನ್ ತಿರುಗುವ ದಿಕ್ಕಿನಲ್ಲೇ ಮುಂದಕ್ಕೆ ತನ್ನಿ. ಮೇಲ್ತುದಿಗೆ 2.0 ಮಿ.ಮೀ. ಇರುವಾಗ ಪಾಯಿಂಟ್ ಬಿಡಬೇಕು, ಟೆಸ್ಟ್ ಲ್ಯಾಂಪ್ ಬದಲಾಗಬೇಕು. ಹಿಂದೆ-ಮುಂದೆ ಮಾಡೋದು ಆಟ ತೆಗೆಯೋಕೆ. ಹಿಂದಿನ ದಿಕ್ಕಿನಲ್ಲೇ 2.0ಕ್ಕೆ ನಿಲ್ಲಿಸಿದರೆ ಓದು ತಪ್ಪು. ಎರಡೂ ಸಿಲಿಂಡರ್‌ಗೆ ಬೇರೆ ಬೇರೆಯಾಗಿ. ಒಂದು 2.0, ಇನ್ನೊಂದು 2.4 ಇದ್ದರೆ ಆ ಎರಡನೆಯದು ಬೇಸಿಗೆಯಲ್ಲಿ ಡಿಟೊನೇಷನ್ ಆಗಿ (ಮಿಶ್ರಣ ಉರಿಯೋ ಬದಲು ಸಿಡಿದು) ಪಿಸ್ಟನ್ ನೆತ್ತಿ ತಿನ್ನುತ್ತೆ.

ಪ್ಲಗ್ ಎನ್‌ಜಿಕೆ ಬಿ8ಎಚ್‌ಎಸ್. ಊರೊಳಗೆ ಪದೇಪದೇ ಕಪ್ಪಾಗುತ್ತೆ ಅಂತ ಬಿಸಿ ಪ್ಲಗ್ ಹಾಕಿಕೊಂಡು, ಅದೇ ಪ್ಲಗ್‌ನಲ್ಲಿ ಹೈವೇಗೆ ಹೋಗಬೇಡಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಪ್ಲಗ್ ಎಣ್ಣೆ ಹಿಡಿಯೋದು ಇದರ ಜಾಯಮಾನ. ಎರಡು ಸ್ಪೇರ್ ಪ್ಲಗ್, ಪ್ಲಗ್ ಪಾನ ಸೀಟಿನ ಕೆಳಗೆ ಇರಲಿ.

ಟ್ವಿನ್_ಲೀಡಿಂಗ್
ಕಾಯ್ತಿದ್ದೆ, ಯಾರೂ ಬ್ರೇಕ್ ವಿಷಯ ಎತ್ತಲಿಲ್ಲ. ಅದಕ್ಕೆ ಡ್ರಮ್ ಪರ ನಾನೇ ಮಾತಾಡ್ತೀನಿ. ರಾಜ್‌ದೂತ್‌ನ ಮುಂದಿನದು ಏಳಿಂಚಿನ ಟ್ವಿನ್ ಲೀಡಿಂಗ್ ಶೂ, ಅಂದರೆ ಡ್ರಮ್ ತಿರುಗೋದೇ ಎರಡೂ ಶೂಗಳನ್ನ ಇನ್ನಷ್ಟು ಒತ್ತಿ ಹಿಡಿಸುತ್ತೆ. ‘ಬ್ರೇಕೇ ಇಲ್ಲ’ ಅನ್ನೋರ ಗಾಡಿಯಲ್ಲಿ ಬಹಳಷ್ಟು ಸಲ ಒಂದೇ ಶೂ ಕೆಲಸ ಮಾಡ್ತಾ ಇರುತ್ತೆ.

ಬ್ರೇಕ್ ಪ್ಲೇಟ್ ಮೇಲೆ ಎರಡು ಲಿವರ್, ಅವೆರಡನ್ನೂ ಜೋಡಿಸೋ ಒಂದು ರಾಡ್. ರಾಡ್‌ನ ಉದ್ದ ತಪ್ಪಿದ್ದರೆ ಒಂದು ಶೂ ಡ್ರಮ್‌ಗೆ ತಾಗಿ ನಿಂತಾಗ ಇನ್ನೊಂದು ಗಾಳಿಯಲ್ಲಿರುತ್ತೆ. ಸರಿ ಮಾಡೋಕೆ: ಚಕ್ರ ನೆಲದಿಂದ ಎತ್ತಿ, ರಾಡ್‌ನ ಲಾಕ್‌ನಟ್ ಸಡಿಲಿಸಿ. ಕೇಬಲ್ ಎಳೆಯೋ ಮೊದಲ ಲಿವರನ್ನ ಕೈಯಲ್ಲಿ ಒತ್ತಿ, ಚಕ್ರ ತಿರುಗಿಸ್ತಾ ಶೂ ಮೆಲ್ಲಗೆ ತಾಗೋ ಜಾಗ ಹುಡುಕಿ, ಅಲ್ಲೇ ಹಿಡಿದುಕೊಳ್ಳಿ. ಈಗ ಎರಡನೆಯದೂ ಅದೇ ಹೊತ್ತಿಗೆ ತಾಗೋ ಹಾಗೆ ರಾಡ್ ತಿರುಗಿಸಿ ಲಾಕ್ ಮಾಡಿ. ಕೊನೆಗೆ ಆಕ್ಸಲ್ ನಟ್ ಸಡಿಲಿಸಿ, ಬ್ರೇಕ್ ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ ಬಿಗಿ ಮಾಡಿ. ಪ್ಲೇಟ್ ಡ್ರಮ್‌ನ ಮಧ್ಯಕ್ಕೆ ಬಂದು ಕೂರುತ್ತೆ. ಹೊಸ ಲೈನಿಂಗ್ ಹಾಕಿಸಿದರೆ ಡ್ರಮ್‌ನ ಅಳತೆಗೆ ಲೇತ್‌ನಲ್ಲಿ ತಿರುವಿಸಿ, ಇಲ್ಲದಿದ್ದರೆ ತುದಿ ಮಾತ್ರ ತಾಗುತ್ತೆ, ಹೊಳಪು ಹಿಡಿಯುತ್ತೆ. ಹಳೇ ಕೇಬಲ್ ರಬ್ಬರಿನಂತೆ ಹಿಗ್ಗುತ್ತೆ, ಅದನ್ನೂ ಬದಲಿಸಿ.

ಇಷ್ಟು ಮಾಡಿದ ಮೇಲೆ ಒಂದು ಬೆರಳಿನಲ್ಲಲ್ಲ, ಆದರೆ ಎರಡು ಬೆರಳಿನಲ್ಲಿ ಗಾಡಿ ನಿಲ್ಲುತ್ತೆ. ಒಂದು ಎಚ್ಚರ: ಟ್ವಿನ್ ಲೀಡಿಂಗ್ ಹಿಡಿಯೋದು ಮುಂದಕ್ಕೆ ಹೋಗುವಾಗ ಮಾತ್ರ. ಏರಿನಲ್ಲಿ ನಿಂತು ಗಾಡಿ ಹಿಂದಕ್ಕೆ ಜಾರಿದರೆ ಎರಡೂ ಶೂ ಟ್ರೇಲಿಂಗ್ ಆಗಿ ಹಿಡಿತವೇ ಇರಲ್ಲ. ಅಲ್ಲಿ ಹಿಂದಿನ ಬ್ರೇಕ್ ಬಳಸಿ.

ಘಟ್ಟದ_ಗಾಡಿ
ಒಂದು ಸಲ ನಿಲ್ಲೋದು ಒಪ್ಪಿದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವಿಗೆ ಪ್ರತಿ ಸಲ ನಿಲ್ಲಬೇಕಲ್ಲ? ಎಂಜಿನ್ ಬ್ರೇಕಿಂಗ್ ಇಲ್ಲದ ಗಾಡಿಯಲ್ಲಿ ಇಡೀ ಭಾರ ಡ್ರಮ್ ಮೇಲೆ. ಅರ್ಧ ಇಳಿಯೋಷ್ಟರಲ್ಲಿ ಡ್ರಮ್ ಕಾದು ಹಿಗ್ಗುತ್ತೆ, ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತೆ. ಮಳೆಗಾಲದಲ್ಲಿ ನೀರು ಹೊಕ್ಕರೆ ಮೊದಲ ಹಿಡಿತ ಇರೋದೇ ಇಲ್ಲ, ಎರಡನೆಯದು ಥಟ್ಟನೆ ಹಿಡಿಯುತ್ತೆ. ಜಪಾನಿನ ಮೂಲ ಗಾಡಿಗೆ ಡಿಸ್ಕ್ ಇತ್ತು, ಅದನ್ನೇ ವಾಪಸ್ ಕೊಡೋದರಲ್ಲಿ ತಪ್ಪೇನು?

ಟ್ವಿನ್_ಲೀಡಿಂಗ್
ಆರ್‌ಡಿಯ ಮೂಲ ಫೋರ್ಕ್, ಕ್ಯಾಲಿಪರ್, ಹಬ್ ಪೂರ್ತಿ ಸೆಟ್ ಸಿಕ್ಕರೆ ಹಾಕಿ, ನನ್ನ ತಕರಾರಿಲ್ಲ. ಬೀದಿಯಲ್ಲಿ ನಡೆಯೋದು ಅದಲ್ಲ. ಯಾವುದೋ 150 ಸಿಸಿ ಗಾಡಿಯ ಫೋರ್ಕ್ ತಂದು ಟಿ-ಸ್ಟೆಮ್‌ಗೆ ಬುಷ್ ಹೊಡೆದು ಕೂರಿಸ್ತಾರೆ. ಟ್ರೇಲ್ (ಮುಂದಿನ ಚಕ್ರವನ್ನ ನೇರ ಇಡೋ ಅಳತೆ) ಬದಲಾಗುತ್ತೆ, ಉದ್ದ ಬದಲಾಗುತ್ತೆ, ನೂರರ ಮೇಲೆ ಹ್ಯಾಂಡಲ್ ನಡುಗೋಕೆ ಶುರು. ಘಟ್ಟ ಇಳಿಯುವಾಗ ಸಿಂಪಲ್ ಉಪಾಯ, ಹಿಂದಿನ ಬ್ರೇಕೂ ಬಳಸಿ, ಜೋರಾಗಿ ಹಿಡಿದು ಪೂರ್ತಿ ಬಿಡಿ. ಉದ್ದಕ್ಕೂ ಸವರಿಕೊಂಡು ಇಳಿಯೋದರಿಂದಲೇ ಡ್ರಮ್ ಕಾಯೋದು.

ಘಟ್ಟದ_ಗಾಡಿ
ಸರಿ, ಕಂಪನಿ ಸೆಟ್ ಸಿಕ್ಕರೆ ಡಿಸ್ಕ್, ಇಲ್ಲದಿದ್ದರೆ ಡ್ರಮ್. ಆದರೂ ದಕ್ಷಿಣ ಕನ್ನಡದ ಮಳೆಗಾಲಕ್ಕೆ ನನ್ನ ವೋಟು ಡಿಸ್ಕ್‌ಗೇ.

ನಡುಗೋ ವಿಷಯ ಬಂತಲ್ಲ: ನೇರ ರಸ್ತೆಯಲ್ಲಿ ಹಿಂಭಾಗ ಹಾವಿನ ಹಾಗೆ ಆಡಿದರೆ ಸ್ವಿಂಗ್‌ಆರ್ಮ್ ಬುಷ್ ನೋಡಿ. ಹಿಂದಿನ ಚಕ್ರ ಎತ್ತಿ ಆಚೆ-ಈಚೆ ಎಳೆದರೆ ತಿಳಿಯುತ್ತೆ. ಗನ್‌ಮೆಟಲ್ ಬುಷ್ ಮಾಡಿಸಿ ಹಾಕಿದರೆ ಮುಗೀತು. ಹ್ಯಾಂಡಲ್ ಮೇಲಿನ ಸ್ಟೀರಿಂಗ್ ಡ್ಯಾಂಪರ್ ಗುಬ್ಬಿ ಬಿಗಿ ಮಾಡಿ ಸವೆದ ಕೋನ್‌ಸೆಟ್ (ಹ್ಯಾಂಡಲ್ ಬೇರಿಂಗ್) ಮುಚ್ಚಿಡೋರೂ ಇದ್ದಾರೆ. ಟೆಸ್ಟ್ ರೈಡ್‌ಗೆ ಮುಂಚೆ ಅದನ್ನ ಪೂರ್ತಿ ಸಡಿಲಿಸಿ.

ಹೊಸ_ಕ್ಲಚ್
ತುಂಬಾ ಉಪಕಾರ ಆಯ್ತು. ಸೈಲೆನ್ಸರ್ ಬಗ್ಗೆ? ಮಾರೋರು ‘ಚೇಂಬರ್ ಹಾಕ್ಸಿದ್ದೀನಿ, ಲೋ ಟಾರ್ಕ್ ಈಗ ಹೈ ಟಾರ್ಕ್ ಆಗಿದೆ’ ಅಂತಿದ್ದಾರೆ.

ರೀಡ್_ವಾಲ್ವ್
ಆಗಿಲ್ಲ. ಚೇಂಬರ್ ಅಂದರೆ ರೇಸ್ ಗಾಡಿಯ ಥರದ ಉಬ್ಬಿದ ಸೈಲೆನ್ಸರ್ ಪೈಪ್. ಬರೀ ಪೈಪ್ ಬದಲಿಸಿದರೆ ಸ್ವರ ಏರುತ್ತೆ, ಕೆಳಗಿನ ಎಳೆತ ಹೋಗುತ್ತೆ, ಮತ್ತೆ ಮಿಶ್ರಣ ಲೀನ್ ಆಗುತ್ತೆ. ಚೇಂಬರ್ ಚೆನ್ನಾಗಿದ್ದಷ್ಟೂ ಗಾಳಿ ಹೆಚ್ಚು ಎಳೆಯುತ್ತೆ. ಹಳೇ ಮೇನ್ ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡೋ ತೂತು) ಅಷ್ಟಕ್ಕೆ ಪೆಟ್ರೋಲ್ ಕೊಡಲ್ಲ. ಜೊತೆಗೆ ಏರ್ ಫಿಲ್ಟರ್ ಡಬ್ಬ ಕಿತ್ತು ಪಾಡ್ ಫಿಲ್ಟರ್ ಹಾಕಿದ್ದರಂತೂ ಪಿಸ್ಟನ್‌ಗೆ ತೂತು ಬೀಳೋದು ಯಾವತ್ತು ಅನ್ನೋದಷ್ಟೇ ಪ್ರಶ್ನೆ.

ಕಾರ್ಬೊರೇಟರ್ ಎರಡು ಮಿಕುನಿ, 28 ಮಿ.ಮೀ.ಯವು. ಮೊದಲು ಎರಡೂ ಸ್ಲೈಡ್ ಒಂದೇ ಹೊತ್ತಿಗೆ ಏಳ್ತಾವಾ ನೋಡಿ: ಫಿಲ್ಟರ್ ಕಡೆಯಿಂದ ಬೆರಳು ಇಟ್ಟು ಥ್ರಾಟಲ್ ಮೆಲ್ಲಗೆ ತಿರುಗಿಸಿದರೆ ಗೊತ್ತಾಗುತ್ತೆ, ಕೇಬಲ್ ಅಡ್ಜಸ್ಟರ್‌ನಲ್ಲಿ ಸರಿ ಮಾಡಿ. ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗಿಂದ ಶುರು ಮಾಡಿ. ಮೇನ್ ಜೆಟ್‌ಗೆ ನಿಯಮ, ದೊಡ್ಡದರಿಂದ ಚಿಕ್ಕದಕ್ಕೆ ಬರೋದು, ಉಲ್ಟಾ ಅಲ್ಲ. ರಿಚ್ ಆದರೆ ಗಾಡಿ ಕೊರಗುತ್ತೆ ಅಷ್ಟೇ, ಲೀನ್ ಆದರೆ ಹಿಡಿಯುತ್ತೆ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, ಪೂರ್ತಿ ಥ್ರಾಟಲ್ ಕೆಲವು ಸೆಕೆಂಡ್, ಆಮೇಲೆ ಕ್ಲಚ್ ಒತ್ತೋದೂ ಎಂಜಿನ್ ಆಫ್ ಮಾಡೋದೂ ಒಟ್ಟಿಗೆ. ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬಿಳಿಯಾಗಿ, ಮೇಲೆ ಸಣ್ಣ ಬೆಳ್ಳಿ ಚುಕ್ಕೆ ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಅಲ್ಲಿಂದ ಮನೆಗೆ ನಿಧಾನಕ್ಕೆ ಹೋಗಿ.

ಈಗಿನ ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆತದ್ದು) ಇದನ್ನ ಇನ್ನಷ್ಟು ಸೂಕ್ಷ್ಮ ಮಾಡಿದೆ. ಎಥನಾಲ್‌ನಲ್ಲಿ ಆಮ್ಲಜನಕ ಇರೋದರಿಂದ ಅದೇ ಜೆಟ್‌ನಲ್ಲೇ ಮಿಶ್ರಣ ಲೀನ್ ಕಡೆಗೆ ಜರುಗುತ್ತೆ. ಹಳೇ ಪುಸ್ತಕದ ಜೆಟ್ ನಂಬರ್ ಕಣ್ಣುಮುಚ್ಚಿ ನಂಬಬೇಡಿ, ಒಂದು ಸೈಜ್ ಮೇಲಿನಿಂದ ಪ್ಲಗ್ ನೋಡ್ತಾ ಬನ್ನಿ.

ಹುಬ್ಳಿ_ಗ್ಯಾರೇಜ್
ಕಂಪನಿ ಸೈಲೆನ್ಸರ್ ಸಿಕ್ಕರ ಬಿಡಬ್ಯಾಡ್ರಿ, ತುಕ್ಕು ಹಿಡಿದಿದ್ರೂ ತಗೋರಿ. ಹಿಂದಿನ ತುದಿ ಬೋಲ್ಟ್ ಬಿಚ್ಚಿ ಬ್ಯಾಫಲ್ (ಒಳಗಿನ ತೂತಿನ ಕೊಳವಿ) ಎಳೀರಿ. ಇಂಗಾಲ ಕಟ್ಟಿ ತೂತು ಮುಚ್ಚಿರ್ತಾವು, ಗಾಡಿ ಆರು ಸಾವಿರದ ಮ್ಯಾಲೆ ಏಳಂಗಿಲ್ಲ. ಎಷ್ಟೋ ಮಂದಿ ‘ಲೋ ಟಾರ್ಕ್ ಎಳಿಯಂಗಿಲ್ಲ’ ಅನ್ನೋದು ಇದಕ್ಕ. ಬ್ಯಾಫಲ್ ಸುಟ್ಟು ಬ್ರಷ್ ಹೊಡೀರಿ, ಇಲ್ಲಾಂದ್ರ ಕಾಸ್ಟಿಕ್ ಸೋಡಾ ನೀರಿನಾಗ ಒಂದು ರಾತ್ರಿ ಬಿಡ್ರಿ. ನೀರಿಗೆ ಸೋಡಾ ಹಾಕ್ರಿ, ಸೋಡಾಕ್ಕ ನೀರು ಹಾಕಬ್ಯಾಡ್ರಿ, ಕುದ್ದು ಸಿಡೀತೈತಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಹೆಡ್ಡು, ಪಿಸ್ಟನ್ ಅದರಾಗ ಅದ್ದಬ್ಯಾಡ್ರಿ, ಅಲ್ಯೂಮಿನಿಯಂ ತಿಂದು ಹಾಕ್ತೈತಿ. ಬ್ಯಾಫಲ್ ಜೊತಿಗೆ ಎಕ್ಸಾಸ್ಟ್ ಪೋರ್ಟ್‌ನ ಇಂಗಾಲನೂ ಕೆರೀರಿ.

ಬ್ಯಾಫಲ್ ತೆಗೆದು ಒಗೆದು ಬರೀ ಪೈಪ್ ಓಡಿಸಿದ್ರ ಪೊಲೀಸರೂ ಹಿಡೀತಾರ, ಪಿಸ್ಟನ್ನೂ ಹಿಡೀತೈತಿ.

ಕಾಗದ_ಪತ್ರ
ಎಂಜಿನ್ ನೋಡಿದ ಮೇಲೆ ಆರ್‌ಸಿ ನೋಡಿ. ಸರಿ ಹೇಳಬೇಕಂದರೆ ಮೊದಲೇ ನೋಡಿ. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಐದೈದು ವರ್ಷಕ್ಕೆ, ಫಾರ್ಮ್ 25. ಹಸಿರು ತೆರಿಗೆ ಬೇರೆ. ಹಳೇ ಆರ್‌ಡಿಗಳಿಗೆ ಕೆಎ ಬರೋ ಮುಂಚಿನ ಮೂರಕ್ಷರದ ನಂಬರ್ ಇರಬಹುದು. ಆ ದಾಖಲೆ ಆನ್‌ಲೈನ್‌ಗೆ ಏರಿದೆಯಾ ಅಂತ ಆರ್‌ಟಿಒದಲ್ಲಿ ವಿಚಾರಿಸಿ, ಏರದಿದ್ದರೆ ಹೆಸರು ವರ್ಗಾವಣೆ ಅಲ್ಲೇ ನಿಲ್ಲುತ್ತೆ. ಹೆಡ್‌ಸ್ಟಾಕ್ ಮೇಲಿನ ಚಾಸಿಸ್ ನಂಬರ್, ಕ್ರ್ಯಾಂಕ್‌ಕೇಸ್ ಮೇಲಿನ ಎಂಜಿನ್ ನಂಬರ್ ಎರಡೂ ಆರ್‌ಸಿಗೆ ಹೊಂದಬೇಕು. ಹೊಸ ಪೇಂಟ್ ಅಂದಿರಲ್ಲ, ಹೆಡ್‌ಸ್ಟಾಕ್‌ನಲ್ಲಿ ಅಂಕಿ ಗ್ರೈಂಡ್ ಮಾಡಿ ಹೊಡೆದ ಗುರುತು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

‘ವಿಂಟೇಜ್ ನೋಂದಣಿ ಮಾಡಿಸಬಹುದು’ ಅಂತ ಮಾರೋರು ಹೇಳಿದರೆ ನಂಬಬೇಡಿ. ಅದು 50 ವರ್ಷ ದಾಟಿದ ಗಾಡಿಗೆ. 1983ರದ್ದಕ್ಕೂ ಇನ್ನೂ ಟೈಮ್ ಇದೆ.

ಹೊಸ_ಕ್ಲಚ್
ಆರ್‌ಸಿ ಕಳಿಸಿಕೊಡೋಕೆ ಹೇಳಿದ್ದೀನಿ. ಭಾನುವಾರ ನೋಡೋಕೆ ಹೋಗ್ತೀನಿ, ಎಂಜಿನ್ ತಣ್ಣಗಿರಲಿ ಅಂತಾನೂ ಹೇಳಿದೆ. ಆರ್‌ಪಿಎಂ ಮೀಟರ್ ಓಡದಿರೋದು ದೊಡ್ಡ ವಿಷಯವಾ?

ಪಾಯಿಂಟ್_ಗ್ಯಾಪ್
ಕೇಬಲ್ ತುಂಡಾಗಿದ್ದರೆ ಏನೂ ಅಲ್ಲ. ಮೀಟರ್ ಕಡೆಯಿಂದ ಕೇಬಲ್ ಬಿಚ್ಚಿ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ಒಳಗಿನ ತಂತಿ ತಿರುಗ್ತಿದ್ದರೆ ಮೀಟರ್ ಹೋಗಿದೆ. ತಿರುಗದಿದ್ದರೆ ಕೇಬಲ್ ಹೊರಗೆ ಎಳೆಯಿರಿ. ತುಂಡಾಗಿದ್ದರೆ ಹೊಸ ಕೇಬಲ್ ಸಾಕು. ತಂತಿ ಇಡಿಯಾಗಿದ್ದೂ ತಿರುಗದಿದ್ದರೆ ಬಲಗಡೆ ಕವರ್ ಒಳಗಿನ ಡ್ರೈವ್ ಗೇರ್ ಸವೆದಿದೆ. ಅದಕ್ಕೆ ಆಯಿಲ್ ಇಳಿಸಿ ಕವರ್ ಬಿಚ್ಚಬೇಕು, ಕವರ್ ಮೇಲೇ ಆಟೋಲ್ಯೂಬ್ ಪಂಪೂ ಇದೆ, ಹಾಗಾಗಿ ಗ್ಯಾಸ್ಕೆಟ್ ತಂದಿಟ್ಟುಕೊಂಡೇ ಕೈ ಹಾಕಿ. ಗೇರ್ ಆಯಿಲ್ 1.6 ಲೀಟರ್ ಹಿಡಿಯುತ್ತೆ. ಇಳಿಸಿದ ಆಯಿಲ್ ಅಳೆದು ನೋಡಿ, ತೀರ ಕಡಿಮೆ ಬಂದರೆ ಗ್ಯಾರೇಜ್ ಅಣ್ಣ ಹೇಳಿದ ಬಲಗಡೆ ಸೀಲ್ ಕಥೆ ಅಲ್ಲೇ ಗೊತ್ತಾಗುತ್ತೆ.

ಹುಬ್ಳಿ_ಗ್ಯಾರೇಜ್
ಆಯಿಲ್ ಮೂಸಿನೂ ನೋಡ್ರಿ. ಪೆಟ್ರೋಲ್ ವಾಸನಿ ಬಂದ್ರ ಆ ಸೀಲ್ ಎರಡೂ ಕಡೆ ಸೋರಾಕತ್ತೈತಿ ಅಂತ ಲೆಕ್ಕ.